‘ಏನಿಲ್ಲ ಬಿಡಿ’ ಎನ್ನುವ ಮನೆಗಳಲ್ಲಿ

(ಹಿರಿಯ ನಾಗರಿಕರು ಮತ್ತು ಅವರ ಮನೆಯವರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಾರ್ಯಕ್ರಮ ಶುರುವಾಗುವ ಮೊದಲು ಕಾರ್ಯದರ್ಶಿಗಳು ಮೈಕ್ ಹಿಡಿದು, “ಹಿಂದೆ ಕೂತವರಿಗೆ ಕೇಳಿಸ್ತಿದೆಯಾ?” ಎಂದು ಕೇಳಿದರು. ಎಲ್ಲರೂ ತಲೆಯಾಡಿಸಿದಿರಿ. ನಾನು ಇಲ್ಲಿಂದ ನೋಡುತ್ತಿದ್ದೆ. ಕೆಲವರು ಮೊದಲು ಪಕ್ಕದವರ ಮುಖ ನೋಡಿದಿರಿ. ಅವರು ತಲೆಯಾಡಿಸಿದ ಮೇಲೆ ನೀವೂ ಆಡಿಸಿದಿರಿ. ಬೇಜಾರು ಮಾಡಿಕೊಳ್ಳಬೇಡಿ, ಇದು ನಮ್ಮ ಕಸುಬಿನವರಿಗೆ ಅಂಟಿಕೊಳ್ಳುವ ಚಟ. ಆಡಿಯಾಲಜಿಸ್ಟ್, ಅಂದರೆ ಶ್ರವಣ ಪರೀಕ್ಷೆ ಮಾಡುವ ತಜ್ಞರು, ಮದುವೆ ಮನೆಗೆ ಹೋದರೂ ಯಾರು ತುಟಿ ನೋಡುತ್ತಾರೆ, ಯಾರು ಒಂದು ಕಿವಿಯನ್ನು ಮುಂದೆ ತರುತ್ತಾರೆ, ಯಾರು ಎಲ್ಲರೂ ನಕ್ಕ ಮೇಲೆ ಸ್ವಲ್ಪ ತಡವಾಗಿ ನಗುತ್ತಾರೆ ಎಂದು ನೋಡುತ್ತಲೇ ಇರುತ್ತಾರೆ.

‘ಕಿವಿ ಮಿಷನ್ ಹಾಕಿಕೊಳ್ಳಿ’ ಎಂದು ಬುದ್ಧಿ ಹೇಳಲು ನಾನು ಬಂದಿಲ್ಲ. ಅದನ್ನು ನಿಮಗೆ ಮಕ್ಕಳು ಸಾಕಷ್ಟು ಸಲ ಹೇಳಿರುತ್ತಾರೆ. ಹೇಳಿದಷ್ಟೂ ನೀವು ಬೇಡ ಅಂದಿರುತ್ತೀರಿ. ಆ ‘ಬೇಡ’ದ ಹಿಂದಿರುವ ನಾಚಿಕೆ ಎಲ್ಲಿಂದ ಬರುತ್ತದೆ ಎನ್ನುವುದು ಇವತ್ತಿನ ಮಾತು. ನನ್ನ ಅನುಭವದಲ್ಲಿ ಅದನ್ನು ಹುಟ್ಟಿಸುವವರು ಚೆನ್ನಾಗಿ ಕಿವಿ ಕೇಳಿಸುವವರು. ಹಾಗಾಗಿ ಇವತ್ತು ಜಾಸ್ತಿ ಬೈಸಿಕೊಳ್ಳುವವರು, ಅಪ್ಪ ಅಮ್ಮನನ್ನು ಕರೆತಂದು ಬದಿಯಲ್ಲಿ ಕೂತಿರುವ ಮಕ್ಕಳು ಮತ್ತು ಸೊಸೆಯಂದಿರು.

ಮೊದಲು ಒಂದೆರಡು ಅಂಕಿ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶ್ರವಣದ ಬಗ್ಗೆ ದೊಡ್ಡ ವರದಿಯೊಂದನ್ನು ಹೊರತಂದಿತು. ಅದರ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷ ಇದೆ. ಅವರಲ್ಲಿ 43 ಕೋಟಿ ಜನರಿಗೆ ಚಿಕಿತ್ಸೆಯೋ ಉಪಕರಣವೋ ಬೇಕೇ ಬೇಕು. ಮಿಷನ್‌ನಿಂದ ಅನುಕೂಲ ಆಗಬಹುದಾದವರಲ್ಲಿ ಅದನ್ನು ಬಳಸುತ್ತಿರುವವರು ನೂರಕ್ಕೆ 17 ಜನ ಮಾತ್ರ. ಬಡತನ, ದೂರ, ತಜ್ಞರ ಕೊರತೆ ಎಲ್ಲವೂ ಇದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯೇ ಮಿಷನ್ ಅನ್ನು ಉಚಿತವಾಗಿ ಕೊಡುತ್ತದೆ. ಅಲ್ಲೂ ಬೇಕಾದವರಲ್ಲಿ ಬಹಳ ಜನ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡವರಲ್ಲೂ ಕೆಲವರದು ಡ್ರಾಯರ್ ಸೇರುತ್ತದೆ. ದುಡ್ಡೊಂದೇ ಕಾರಣವಲ್ಲ ಎಂದಾಯಿತು.

“ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ, ಇದಕ್ಯಾಕೆ ನಾಚಿಕೆ?” ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಕ್ಲಿನಿಕ್‌ಗಳ ಗೋಡೆಯ ಮೇಲೂ ಇದೇ ಮಾತಿನ ಪೋಸ್ಟರ್ ಇರುತ್ತದೆ. ನನಗೆ ಈ ಹೋಲಿಕೆ ಅಷ್ಟೇನೂ ಹಿಡಿಸುವುದಿಲ್ಲ. ಕಣ್ಣು ಮಂದವಾದರೆ ಕಷ್ಟ ಆ ಮನುಷ್ಯನದು. ಪೇಪರ್ ಓದಲು ಆಗಲ್ಲ, ಸೂಜಿಗೆ ದಾರ ಪೋಣಿಸಲು ಆಗಲ್ಲ. ಎದುರಿಗಿದ್ದವರಿಗೆ ಅದರಿಂದ ಅಂಥ ತಾಪತ್ರಯವಿಲ್ಲ. ಕಿವಿ ಮಂದವಾದರೆ ಕೆಲಸ ಬೀಳುವುದು ಮಾತಾಡುವವರಿಗೆ. ಹೇಳಿದ್ದನ್ನೇ ಮತ್ತೆ ಹೇಳಬೇಕು. ಅಡುಗೆಮನೆಯಿಂದ ಎದ್ದು ಬಂದು ಹೇಳಬೇಕು. ಗಂಟಲು ಏರಿಸಬೇಕು. ತಮಾಷೆಯನ್ನು ಎರಡನೇ ಸಲ ಹೇಳಿದರೆ ಸಪ್ಪೆ. ಗುಟ್ಟನ್ನು ಎರಡನೇ ಸಲ ಜೋರಾಗಿ ಹೇಳಿದರೆ ಅದು ಗುಟ್ಟಾಗಿ ಉಳಿಯುವುದೇ ಇಲ್ಲ.

ಹಾಗಾಗಿ ಮನೆಯಲ್ಲಿ ಏನಾಗುತ್ತದೆ? ಅಪ್ಪ ಮೊದಲ ಸಲ “ಆಂ?” ಅಂದಾಗ ಮಗ ಇನ್ನೊಂದು ಸಲ ಹೇಳುತ್ತಾನೆ. ಎರಡನೇ ಸಲ “ಆಂ?” ಅಂದಾಗ ಜೋರಾಗಿ ಹೇಳುತ್ತಾನೆ. ಆ ಜೋರಿನ ಜೊತೆ ಮುಖವೂ ಸ್ವಲ್ಪ ಗಂಟಾಗುತ್ತದೆ. ಮೂರನೇ ಸಲಕ್ಕೆ, “ಏನಿಲ್ಲ ಬಿಡಿ.” ಅಷ್ಟೇ, ಮಾತು ಮುಗಿಯಿತು. ಮಗನಿಗೆ ಅದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಅಪ್ಪನಿಗೆ ಮರೆಯುವುದಿಲ್ಲ. ಮುಂದಿನ ಸಲ ಕೇಳಿಸದಿದ್ದರೆ ಅವರು “ಆಂ?” ಅನ್ನುವುದಿಲ್ಲ. ಸುಮ್ನೆ ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆ ಶುರುವಾದ ಮನೆಯಲ್ಲಿ ನಾಚಿಕೆ ಬೇರು ಬಿಟ್ಟಾಗಿದೆ ಎಂದು ತಿಳಿಯಿರಿ. ಮಿಷನ್‌ನ ಮಾತು ಬರುವುದು ಅದಕ್ಕಿಂತ ಎಷ್ಟೋ ವರ್ಷ ಆದ ಮೇಲೆ.

ಈಗ ಕಿವಿಯ ಒಳಗೆ ನಡೆಯುವುದನ್ನು ಸ್ವಲ್ಪ ಹೇಳಬೇಕು. ಇದು ಗೊತ್ತಿಲ್ಲದೆ ಮನೆಗಳಲ್ಲಿ ಸಿಕ್ಕಾಪಟ್ಟೆ ಜಗಳ ಆಗುತ್ತವೆ. ಒಳಕಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನ ಆಕಾರದ ಕಾಕ್ಲಿಯ ಎಂಬ ಭಾಗ ಇದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದವನ್ನು ಹಿಡಿದು ನರಕ್ಕೆ ದಾಟಿಸುತ್ತವೆ. ವಯಸ್ಸಾದಂತೆ, ಅಥವಾ ಗದ್ದಲದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರೆ, ಈ ಕೋಶಗಳು ಸಾಯುತ್ತವೆ. ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ಸದ್ದು ಹಿಡಿಯುವ ಕೋಶಗಳು. ದಪ್ಪ ಸದ್ದಿನವು ಬಹಳ ಕಾಲ ಉಳಿದುಕೊಳ್ಳುತ್ತವೆ.

ಮಾತಿನಲ್ಲಿ ಸ್ವರಗಳು ದಪ್ಪ, ಗಟ್ಟಿ. ಆ, ಊ, ಓ ಎಲ್ಲ ಚೆನ್ನಾಗಿ ಕೇಳಿಸುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳು ತೆಳು, ಮೆದು. ಅವು ಜಾರಿಹೋಗುತ್ತವೆ. ಊಟದ ಹೊತ್ತಿನ ಎರಡು ಮಾತು ತೆಗೆದುಕೊಳ್ಳಿ: ‘ಸಾಕು’ ಮತ್ತು ‘ಹಾಕು’. ಮೊದಲ ಅಕ್ಷರದ ವ್ಯಂಜನ ಬಿಟ್ಟರೆ ಎರಡೂ ಒಂದೇ. ಸೊಸೆ ಅನ್ನದ ಪಾತ್ರೆ ಹಿಡಿದು, “ಮಾವ, ಸಾಕಾ?” ಎನ್ನುತ್ತಾಳೆ. ಮಾವನಿಗೆ ಕೇಳಿಸುವುದು “ಹಾಕ್ಲಾ?” ಅವರು “ಹೂಂ” ಎನ್ನುತ್ತಾರೆ. ಸೊಸೆ ಪಾತ್ರೆ ಎತ್ತಿಕೊಂಡು ಹೋಗುತ್ತಾಳೆ. ಮಾವ ಬರಿ ಸಾರಿನ ಮುಂದೆ ಕೂತಿರುತ್ತಾರೆ. ಮೊಮ್ಮಕ್ಕಳು ನಗುತ್ತಾರೆ. ಯಾರದೂ ತಪ್ಪಿಲ್ಲ, ಯಾರಿಗೂ ಕೆಟ್ಟ ಮನಸ್ಸಿಲ್ಲ. ಆದರೂ ಅವತ್ತಿನ ಊಟದಲ್ಲಿ ನಗೆಪಾಟಲಾದವರು ಮಾವ.

ಹೀಗಾಗಿ ವಯಸ್ಸಾದವರು ನಮ್ಮ ಹತ್ತಿರ ಬಂದು, “ನನಗೆ ಕೇಳ್ಸುತ್ತೆ, ಆದ್ರೆ ಅರ್ಥ ಆಗಲ್ಲ, ಈಗಿನ ಹುಡುಗ್ರು ಗೊಣಗ್ತಾರೆ” ಎನ್ನುತ್ತಾರೆ. ಮನೆಯವರು ಇದನ್ನು ನೆಪ ಎಂದುಕೊಳ್ಳುತ್ತಾರೆ. ನೆಪವಲ್ಲ, ಅವರ ಕಿವಿಗೆ ಮಾತು ಬಂದು ತಲುಪುವುದೇ ಹಾಗೆ. ಕಿರುಚಿದರೂ ಪ್ರಯೋಜನವಿಲ್ಲ. ಕಿರುಚಿದಾಗ ಸ್ವರಗಳು ಮಾತ್ರ ದೊಡ್ಡದಾಗುತ್ತವೆ, ವ್ಯಂಜನಗಳು ಅಷ್ಟು ಏರುವುದಿಲ್ಲ. ಜೊತೆಗೆ ಇಂಥ ಕಿವಿಗೆ ಮೆಲ್ಲಗಿನದು ಕೇಳಿಸುವುದಿಲ್ಲ, ಜೋರಿನದು ಚುಚ್ಚುತ್ತದೆ. ನೀವು ಕಿರುಚಿದಿರಿ, ಅವರು “ಯಾಕೆ ಕಿರುಚ್ತೀಯ?” ಅಂದರು. ಶುರುವಾಯಿತು ರಾಮಾಯಣ.

ಇನ್ನೊಂದು ಆಪಾದನೆ ಇದಕ್ಕಿಂತ ಕೆಟ್ಟದ್ದು. “ಅವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ. ದುಡ್ಡಿನ ವಿಷಯ ಪಿಸುಗುಟ್ಟಿದರೂ ಕೇಳಿಸುತ್ತೆ.” ಜಾಣ ಕಿವುಡು ಎಂದು ಅದಕ್ಕೊಂದು ಹೆಸರು ಬೇರೆ ನಮ್ಮಲ್ಲಿ ಇದೆ. ದುಡ್ಡಿನ ವಿಷಯ ನೀವು ಎಲ್ಲಿ ಮಾತಾಡುತ್ತೀರಿ, ಯೋಚನೆ ಮಾಡಿ. ಟಿವಿ ಆರಿಸಿ, ಬಾಗಿಲು ಹಾಕಿ, ಎದುರಾಬದುರಾ ಕೂತು, ನಿಧಾನವಾಗಿ. ಅಂಥ ಕಡೆ ಅರ್ಧ ಕಿವಿ ಇದ್ದವರಿಗೂ ಕೇಳಿಸುತ್ತದೆ. ಮಿಕ್ಸಿ ತಿರುಗುತ್ತಿರುವಾಗ, ಬೆನ್ನು ಹಾಕಿಕೊಂಡು, ಇನ್ನೊಂದು ಕೋಣೆಯಿಂದ “ಗ್ಯಾಸ್‌ನವನು ಬಂದ್ನಾ?” ಎಂದು ಕೇಳಿದರೆ ಕೇಳಿಸುವುದಿಲ್ಲ. ಅವರು ಬದಲಾಗಿಲ್ಲ, ಜಾಗ ಬದಲಾಗಿದೆ.

ಕೇಳಿಸದೇ ಇರುವುದನ್ನು ಜನ ಹೀಗೆ ಗುಣದ ದೋಷ ಎಂದುಕೊಳ್ಳುತ್ತಾರೆ. ಒಬ್ಬರಿಗೆ ಮಂಕು ಕವಿದಿದೆ ಎನ್ನುತ್ತಾರೆ, ಇನ್ನೊಬ್ಬರು ಹಟಮಾರಿ, ಮತ್ತೊಬ್ಬರಿಗೆ “ಮಾತಾಡಿಸಿದರೂ ತಿರುಗಿ ನೋಡಲಿಲ್ಲ, ಎಷ್ಟು ಜಂಬ!” ಸಂಗೀತಗಾರ ಬೀಥೋವನ್‌ಗೆ ಆಗಿದ್ದೂ ಇದೇ. ಮೂವತ್ತರ ಆಸುಪಾಸಿನಲ್ಲೇ ಅವನ ಕಿವಿ ಕೈಕೊಡುತ್ತಿತ್ತು. 1802ರಲ್ಲಿ ತಮ್ಮಂದಿರಿಗೆಂದು ಒಂದು ಕಾಗದ ಬರೆದ. ಜನ ತನ್ನನ್ನು ಸಿಡುಕ, ಮನುಷ್ಯರನ್ನು ಕಂಡರಾಗದವನು ಅಂದುಕೊಂಡಿದ್ದಾರೆ, ಆದರೆ ‘ಜೋರಾಗಿ ಮಾತಾಡಿ, ನನಗೆ ಕೇಳಿಸಲ್ಲ’ ಎನ್ನಲು ತನ್ನಿಂದ ಆಗುತ್ತಿಲ್ಲ ಎಂಬುದು ಅದರ ಸಾರ. ಆ ಕಾಗದವನ್ನು ಅವನು ಕಳಿಸಲೂ ಇಲ್ಲ. 1827ರಲ್ಲಿ ಅವನು ಸತ್ತ ಮೇಲೆ ಅವನ ಕಾಗದಪತ್ರಗಳಲ್ಲಿ ಸಿಕ್ಕಿತು.

ಮುಚ್ಚಿಡುವುದಕ್ಕೆ ಎಂಥೆಂಥ ಉಪಾಯ ಮಾಡಿದ್ದಾರೆ ಎಂದರೆ, ಅದೇ ಒಂದು ಮಜವಾದ ಇತಿಹಾಸ. ಪೋರ್ಚುಗಲ್ಲಿನ ದೊರೆ ಆರನೇ ಜೊವಾವ್‌ಗೆ ಕಿವಿ ಮಂದ ಇತ್ತು. ದೊರೆ, ಆಗ ಕೇಳಿಸದವರು ಬಳಸುತ್ತಿದ್ದ ಕಹಳೆಯಂಥ ಕೊಳವೆಯನ್ನು ಕಿವಿಗೆ ಹಿಡಿದು ಕೂರುವುದು ಎಂದರೇನು? ಹಾಗಾಗಿ 1819ರಲ್ಲಿ ಲಂಡನ್ನಿನ ರೈನ್ ಎಂಬ ಕಂಪನಿ ಅವನಿಗೊಂದು ಸಿಂಹಾಸನ ಮಾಡಿಕೊಟ್ಟಿತು. ಕೈಯಿಡುವ ಎರಡೂ ತೋಳುಗಳ ತುದಿಯಲ್ಲಿ ಬಾಯಿ ತೆರೆದ ಸಿಂಹದ ತಲೆ. ಒಳಗೆಲ್ಲ ಟೊಳ್ಳು. ಸಿಂಹದ ಬಾಯಿಗೆ ಬಿದ್ದ ಮಾತು ಕೊಳವೆಯಲ್ಲಿ ಹಾದು ದೊರೆಯ ಕಿವಿಗೆ ಬರುತ್ತಿತ್ತು. ಆಸ್ಥಾನದವರು ಮಂಡಿಯೂರಿ ಸಿಂಹದ ಬಾಯಲ್ಲಿ ಬಾಯಿಟ್ಟು ಮಾತಾಡಬೇಕು. ಕಿವಿ ಕೇಳಿಸದವನು ದೊರೆ, ಬಗ್ಗಿದವರು ಕೇಳಿಸುವವರು! ಅಧಿಕಾರ ಇದ್ದರೆ ನಾಚಿಕೆ ಯಾರ ಪಾಲಿಗೆ ಹೋಗುತ್ತದೆ ನೋಡಿ.

ದೊರೆಯಲ್ಲದವರಿಗೆ ಅದೇ ಕಾಲದ ಕುಶಲಕರ್ಮಿಗಳು ಬೇರೆ ದಾರಿ ಹುಡುಕಿದರು. ಹೆಂಗಸರಿಗೆ ಬೀಸಣಿಗೆಯಲ್ಲಿ, ಕೂದಲಿನ ಪಟ್ಟಿಯಲ್ಲಿ ಅಡಗಿಸಿದ ಉಪಕರಣ. ಗಂಡಸರಿಗೆ ಗಡ್ಡದಲ್ಲಿ ಮರೆಯಾಗುವಂಥದ್ದು. 1952ರ ಹೊತ್ತಿಗೆ ಮಿಷನ್ನಿಗೆ ಟ್ರಾನ್ಸಿಸ್ಟರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಭಾಗ ಬಂತು, ಮಿಷನ್ ಚಿಕ್ಕದಾಯಿತು. ಚಿಕ್ಕದಾದದ್ದೇ ತಡ, ಅದನ್ನು ಕನ್ನಡಕದ ಕಡ್ಡಿಯೊಳಗೆ ತುರುಕಿದರು. ಕಣ್ಣು ಮಂದ ಎಂದು ತೋರಿಸಿಕೊಂಡರೂ ಪರವಾಗಿಲ್ಲ, ಕಿವಿ ಮಂದ ಎಂದು ಮಾತ್ರ ಗೊತ್ತಾಗಬಾರದು! 1983ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಕಿವಿಗೆ ಮಿಷನ್ ಹಾಕಿಕೊಂಡು ಜನರ ಮುಂದೆ ಬಂದರು. ಸಿನಿಮಾದಲ್ಲಿದ್ದಾಗ ಕಿವಿಯ ಪಕ್ಕದಲ್ಲೇ ಪಿಸ್ತೂಲು ಹಾರಿ ಅವರ ಶ್ರವಣ ಕೆಟ್ಟಿತ್ತು. ಆಮೇಲೆ ಅಲ್ಲಿ ಮಿಷನ್‌ಗಳ ಮಾರಾಟ ಏರಿತು. ಒಳ್ಳೆಯದೇ ಆಯಿತು. ಆದರೆ ಜನ ಮುಗಿಬಿದ್ದು ಕೇಳಿದ್ದು ಅವರು ಹಾಕಿಕೊಂಡಂಥ, ಕಿವಿಯೊಳಗೆ ಕೂರುವ ಪುಟ್ಟ ಮಿಷನ್ನನ್ನು.

ಇವತ್ತಿನ ಜಾಹೀರಾತು ನೋಡಿ. ‘ಯಾರಿಗೂ ಕಾಣಿಸುವುದೇ ಇಲ್ಲ’ ಎನ್ನುವುದೇ ಅದರ ದೊಡ್ಡ ಮಾತು. ಮಿಷನ್ ಮಾರುವ ನಮ್ಮ ಕ್ಷೇತ್ರದ ಮೇಲೆ ನನಗಿರುವ ಸಿಟ್ಟು ಇದು. ‘ಇದು ಮುಚ್ಚಿಡಬೇಕಾದ ವಸ್ತು’ ಎಂದು ಮಾರುವವರೇ ಹೇಳಿದರೆ ಕೊಳ್ಳುವವರು ಇನ್ನೇನು ಅಂದುಕೊಳ್ಳಬೇಕು? ಕಾಣಿಸದಷ್ಟು ಚಿಕ್ಕದು ಎಲ್ಲರಿಗೂ ಹೊಂದುವುದೂ ಇಲ್ಲ. ದೋಷ ಜಾಸ್ತಿ ಇದ್ದರೆ ಅದರ ಶಕ್ತಿ ಸಾಲದು. ಅದರ ಬ್ಯಾಟರಿ ಕಾಳಿನಷ್ಟು ಚಿಕ್ಕದು, ಬೆರಳು ನಡುಗುವವರಿಗೆ ಹಾಕಲು ಬರುವುದಿಲ್ಲ. ಕಿವಿಯ ಕೊಳೆ ಸೇರಿ ಬೇಗ ಕೆಡುತ್ತದೆ. ಕಿವಿಯ ಹಿಂದೆ ಕೂರುವ ಮಾದರಿಯೇ ವಾಸಿ ಎಂದು ಹೇಳಿದರೂ, “ಬೇಡ ಮೇಡಂ, ಅದು ಕಾಣುತ್ತೆ” ಎನ್ನುತ್ತಾರೆ. ಕಾಣುತ್ತದೆ, ನಿಜ. ಆದರೆ ಮೂರು ಸಲ “ಆಂ?” ಅನ್ನುವುದು ಅದಕ್ಕಿಂತ ಚೆನ್ನಾಗಿ ಕಾಣುತ್ತದೆ. ನಿಮ್ಮ ಬೀದಿಯಲ್ಲಿ, ಬ್ಯಾಂಕಿನಲ್ಲಿ, ಹಾಲಿನ ಬೂತಿನಲ್ಲಿ ಎಲ್ಲರಿಗೂ ನಿಮ್ಮ ಕಿವಿಯ ವಿಷಯ ಗೊತ್ತಿರುತ್ತದೆ. ಅದನ್ನು ನಿಮಗೆ ಹೇಳಿರುವುದಿಲ್ಲ, ಅಷ್ಟೇ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ಮದುವೆ ವಯಸ್ಸಿನ ಹುಡುಗಿಗೆ ಮಿಷನ್ ಬೇಕು ಎಂದು ಹೇಳಿದಾಗ ತಾಯಿ ಕೇಳುವ ಮೊದಲ ಪ್ರಶ್ನೆ, “ಕೂದಲು ಬಿಟ್ಟರೆ ಮುಚ್ಚುತ್ತಾ?” ಗಂಡಿನ ಕಡೆಯವರು ಬರುವ ದಿನ ಅದನ್ನು ತೆಗೆದಿಡುತ್ತಾರೆ. ಅವತ್ತೇ ಅಲ್ವಾ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಕೇಳಿಸಬೇಕಾದದ್ದು? ಹೊಸಬರು ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ, ಅವಳು ಅಂದಾಜಿನ ಮೇಲೆ ಉತ್ತರ ಕೊಡುತ್ತಾಳೆ. ಮುಚ್ಚಿಟ್ಟು ಆದ ಮದುವೆಯಲ್ಲಿ ಮುಂದೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಡುಗಿವಿಯ ಪುಟ್ಟ ಮೂಳೆ ಬಿಗಿಯಾಗುವ ಓಟೊಸ್ಕ್ಲೆರೋಸಿಸ್ ಎಂಬ ಕಾಯಿಲೆ ಹೆಂಗಸರಲ್ಲೇ ಜಾಸ್ತಿ. ಅದು ತಾರುಣ್ಯದಲ್ಲೇ ಶುರುವಾಗಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯೂ ಇದೆ. ಎಷ್ಟೋ ಸಂಸಾರಗಳಲ್ಲಿ “ಸೊಸೆ ಕರೆದರೂ ಓಗೊಡಲ್ಲ” ಎಂಬ ದೂರು ವರ್ಷಗಟ್ಟಲೆ ನಡೆದು, ಆಮೇಲೆ ಯಾರೋ ಪುಣ್ಯಾತ್ಮರು ಪರೀಕ್ಷೆಗೆ ಕಳಿಸುತ್ತಾರೆ.

ನೋಡುವವರ ಮನಸ್ಸಿನಲ್ಲಿ ಮಿಷನ್ ಏನು ಮಾಡುತ್ತದೆ ಎಂದು 1977ರಲ್ಲಿ ಅಮೆರಿಕದ ಸಂಶೋಧಕರು ಪರೀಕ್ಷೆ ಮಾಡಿದ್ದರು. ಒಂದೇ ಮುಖದ ಫೋಟೊ, ಒಮ್ಮೆ ಮಿಷನ್ ಇಲ್ಲದೆ, ಒಮ್ಮೆ ಮಿಷನ್ ಜೊತೆ. ಮಿಷನ್ ಇದ್ದ ಫೋಟೊಗಳಿಗೆ ಜನ ಕಡಿಮೆ ಅಂಕ ಕೊಟ್ಟರು. 2010ರ ನಂತರ ಇಂಥದ್ದೇ ಪರೀಕ್ಷೆ ಮತ್ತೆ ನಡೆದಾಗ ಆ ವ್ಯತ್ಯಾಸ ಬಹುತೇಕ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಈಗ ಎಲ್ಲರ ಕಿವಿಯಲ್ಲೂ ಏನೋ ಒಂದು ಸಿಕ್ಕಿಸಿಕೊಂಡಿರುತ್ತದೆ. 2024ರಲ್ಲಿ ಅಮೆರಿಕದ ಸರ್ಕಾರ ಆಪಲ್‌ನ ಏರ್‌ಪಾಡ್ಸ್ ಪ್ರೊ 2 ಎಂಬ ಇಯರ್‌ಫೋನನ್ನು, ಸಣ್ಣ ಅಥವಾ ಮಧ್ಯಮ ಪ್ರಮಾಣದ ದೋಷ ಇರುವ ದೊಡ್ಡವರು ಶ್ರವಣ ಸಾಧನವಾಗಿ ಬಳಸಬಹುದು ಎಂದು ಒಪ್ಪಿಗೆ ಕೊಟ್ಟಿತು. “ಹಾಗಾದರೆ ಕಳಂಕ ಹೋಯಿತು ಅಲ್ವಾ?” ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಫೋಟೊ ಮಾತಾಡುವುದಿಲ್ಲ. ಫೋಟೊ “ಆಂ?” ಅನ್ನುವುದಿಲ್ಲ. ಕಿವಿಯಲ್ಲಿರುವ ವಸ್ತುವಿನ ಮೇಲಿನ ಅಸಡ್ಡೆ ಕಡಿಮೆ ಆಗಿರಬಹುದು. ಎರಡನೇ ಸಲ ಹೇಳುವ ತಾಳ್ಮೆ ಜಾಸ್ತಿಯಾಗಿದೆಯಾ? ನಿಮ್ಮ ನಿಮ್ಮ ಮನೆ ನೆನಪಿಸಿಕೊಳ್ಳಿ.

ತಾಳ್ಮೆಯ ಪ್ರಶ್ನೆಯೇ ಇಲ್ಲದ ಒಂದು ಊರು ಇತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಾಚೆ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪ. ವಲಸೆ ಬಂದ ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಕಿವುಡುತನ ಇತ್ತು. ಒಳಗೊಳಗೇ ಮದುವೆಯಾಗಿ ಅದು ಹರಡಿತು. 19ನೇ ಶತಮಾನದಲ್ಲಿ ಅಲ್ಲಿ 155 ಜನರಿಗೆ ಒಬ್ಬರು ಹುಟ್ಟು ಕಿವುಡರು. ಚಿಲ್‌ಮಾರ್ಕ್ ಎಂಬ ಊರಿನಲ್ಲಂತೂ 25ಕ್ಕೆ ಒಬ್ಬರು. ಹಾಗಾಗಿ ಊರಿಗೆ ಊರೇ ಕೈಸನ್ನೆಯ ಭಾಷೆ ಕಲಿತಿತ್ತು. ಕೇಳಿಸುವವರೂ ಅಂಗಡಿಯಲ್ಲಿ, ದೋಣಿಯಲ್ಲಿ ಅದರಲ್ಲೇ ಮಾತಾಡುತ್ತಿದ್ದರು. ಆ ಸಾಲಿನ ಕೊನೆಯ ಕಿವುಡರು ತೀರಿಕೊಂಡದ್ದು 1952ರಲ್ಲಿ. ಮುಂದೆ ಸಂಶೋಧಕಿಯೊಬ್ಬರು ಹೋಗಿ ಹಳಬರನ್ನು ವಿಚಾರಿಸಿದಾಗ, ಇಂಥಿಂಥವರು ಒಳ್ಳೆಯ ಮೀನುಗಾರರು ಎಂದು ಅವರಿಗೆ ಥಟ್ಟನೆ ನೆನಪಾಯಿತು. ಅವರು ಕಿವುಡರು ಅಲ್ಲವೇ ಎಂದರೆ, ಹೌದು, ಈಗ ಹೇಳಿದ ಮೇಲೆ ನೆನಪಾಗುತ್ತಿದೆ ಎಂಬ ಉತ್ತರ ಬಂತಂತೆ. ಸನ್ನೆ ಭಾಷೆಯಲ್ಲೇ ಬೆಳೆದ ಕಿವುಡರ ಬದುಕು ಬೇರೆ, ಅರವತ್ತು ವರ್ಷ ಕೇಳಿ ಆಮೇಲೆ ಕಳೆದುಕೊಂಡವರ ಬದುಕು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು. ಆದರೂ ಆ ದ್ವೀಪದಲ್ಲಿ ಕಿವಿಗಳು ಬದಲಾಗಿರಲಿಲ್ಲ, ಮಾತಾಡುವವರು ಬದಲಾಗಿದ್ದರು.

ಕಾನೂನಿನ ವಿಷಯ ಚುಟುಕಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗೆ 60ರಿಂದ 70 ಡೆಸಿಬಲ್ (ಶಬ್ದದ ಜೋರನ್ನು ಅಳೆಯುವ ಮಾನ) ನಷ್ಟ ಇದ್ದವರು ‘ಶ್ರವಣ ಮಂದರು’, 70 ದಾಟಿದರೆ ‘ಕಿವುಡರು’. ನಿಮಗೆ 50 ಇದೆ ಅನ್ನಿ. ತರಗತಿಯಲ್ಲಿ ಹಿಂದಿನ ಬೆಂಚಿನ ಮಗು ಕೇಳುವುದು ಮೇಷ್ಟ್ರಿಗೆ ಕೇಳಿಸುವುದಿಲ್ಲ, ಫೋನಿನಲ್ಲಿ ಗಿರಾಕಿ ಹೇಳುವುದು ಗುಮಾಸ್ತರಿಗೆ ಕೇಳಿಸುವುದಿಲ್ಲ. ಆದರೂ ಸರ್ಟಿಫಿಕೇಟ್ ಇಲ್ಲ, ಸವಲತ್ತಿಲ್ಲ. ಕೆಲಸದ ಜಾಗದಲ್ಲಿ ಹೇಳಿಕೊಂಡರೆ ಬಡ್ತಿ ತಪ್ಪೀತು ಎಂಬ ಭಯ. ನಾಚಿಕೆ ಅತಿ ಜಾಸ್ತಿ ಇರುವುದು ಈ ಮಧ್ಯದವರಲ್ಲಿ. ದೊಡ್ಡಬಳ್ಳಾಪುರದ ಮಗ್ಗದ ಶೆಡ್‌ಗಳಂಥ ಕಡೆ ಕಥೆ ಇನ್ನೊಂದು ಥರ. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಕೆಲಸ ಮಾಡುವವರು ತುಟಿ ನೋಡಿಯೇ ಅರ್ಧ ಮಾತು ಹಿಡಿಯುತ್ತಾರೆ. ಶಬ್ದದಿಂದ ಬರುವ ಕಿವುಡು ಕಾರ್ಮಿಕ ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲೇ ಇದೆ. ಆದರೆ ಅದನ್ನು ಕಾಯಿಲೆ ಎಂದು ಹೇಳಿಕೊಂಡು ಬರುವವರು ಕಡಿಮೆ. ಎಲ್ಲರಿಗೂ ಅಷ್ಟಷ್ಟು ಹೋಗಿರುವುದರಿಂದ ಅಲ್ಲಿ ನಾಚಿಕೆಯೂ ಕಡಿಮೆ, ಚಿಕಿತ್ಸೆಯೂ ಕಡಿಮೆ.

ಇಷ್ಟೆಲ್ಲ ದಾಟಿ ಮಿಷನ್ ತಂದವರು ಯಾಕೆ ಡ್ರಾಯರ್‌ನಲ್ಲಿ ಇಡುತ್ತಾರೆ? ಮೊದಲ ದಿನ ಹಾಕಿದಾಗ ಮಾತಿಗಿಂತ ಮೊದಲು ಕೇಳಿಸುವುದು ಕಸಕಡ್ಡಿ ಸದ್ದು. ಫ್ರಿಜ್ಜಿನ ಗುಂಯ್, ಪೇಪರ್ ಮಡಿಸುವ ಸರಪರ, ಒಗ್ಗರಣೆಯ ಚಟಪಟ, ಸ್ಟೀಲ್ ಲೋಟ ಕುಕ್ಕಿದರೆ ಸಿಡಿಲು. ಸ್ವಂತ ದನಿ ಡಬ್ಬದೊಳಗಿಂದ ಬಂದ ಹಾಗೆ. ವರ್ಷಗಟ್ಟಲೆ ಈ ಸದ್ದುಗಳನ್ನೇ ಕಾಣದ ಮಿದುಳಿಗೆ, ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಮತ್ತೆ ಕಲಿಯಲು ವಾರಗಳೇ ಬೇಕು. ಮೊದಮೊದಲು ದಿನಕ್ಕೆ ಕೆಲವು ಗಂಟೆ, ಮನೆಯಲ್ಲೇ, ಒಬ್ಬರ ಜೊತೆ ಮಾತಾಡುತ್ತಾ. ಆಮೇಲೆ ವಾಪಸ್ ಬಂದು ಸರಿಮಾಡಿಸಿಕೊಳ್ಳಬೇಕು. ಕುಂಯ್ ಎಂದು ಕಿರುಚುತ್ತಿದ್ದರೆ ಸಾಮಾನ್ಯವಾಗಿ ಅದು ಕಿವಿಗೆ ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಕುಗ್ಗೆ ತುಂಬಿದೆ. ಎಷ್ಟೋ ಮನೆಗಳಲ್ಲಿ ಏನು ಮಾಡುತ್ತಾರೆ? ಮಿಷನ್ ತಂದ ಭಾನುವಾರವೇ ಅಪ್ಪನಿಗೆ ಹಾಕಿಸಿ ಮದುವೆ ಛತ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ನಾದಸ್ವರ, ಮೈಕು, ಪಾತ್ರೆ, ಇನ್ನೂರು ಜನರ ಮಾತು. ಸೋಮವಾರ ಮಿಷನ್ ಡ್ರಾಯರ್‌ನಲ್ಲಿ. “ಅಷ್ಟು ದುಡ್ಡು ಕೊಟ್ಟು ತಂದ್ವಿ, ಹಾಕ್ಕೊಳ್ಳಲ್ಲ” ಎಂದು ಸೊಸೆಯ ದೂರು. ಎಷ್ಟು ದುಬಾರಿ ಮಿಷನ್ ಆದರೂ ಛತ್ರದ ಗದ್ದಲದಲ್ಲಿ ಒದ್ದಾಡುತ್ತದೆ, ಸ್ವಾಮಿ. ನನ್ನ ಚೆನ್ನಾಗಿರುವ ಕಿವಿಯೂ ಅಲ್ಲಿ ಒದ್ದಾಡುತ್ತದೆ.

ಈಚೆಗೆ ಇನ್ನೊಂದು ಹೊಸ ಹೆದರಿಕೆ ಹುಟ್ಟಿದೆ. ‘ಮಿಷನ್ ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತದೆ’ ಎಂದು ಕೆಲವರು ಹೆದರಿಸಿ ಮಾರುತ್ತಾರೆ. ಶ್ರವಣದೋಷಕ್ಕೂ ಡಿಮೆನ್ಷಿಯಾಕ್ಕೂ ನಂಟಿದೆ ಎಂದು ದೊಡ್ಡ ಅಧ್ಯಯನಗಳು ಹೇಳಿವೆ, ಸುಳ್ಳಲ್ಲ. ಆದರೆ 2023ರಲ್ಲಿ ಪ್ರಕಟವಾದ, ಎಪ್ಪತ್ತು ದಾಟಿದವರ ಮೇಲೆ ಮೂರು ವರ್ಷ ನಡೆದ ಅಮೆರಿಕದ ಪ್ರಯೋಗದಲ್ಲಿ, ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಮಿಷನ್‌ನಿಂದ ಮಿದುಳಿನ ಚುರುಕಿಗೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಕುಸಿತ 48 ಶೇಕಡಾದಷ್ಟು ನಿಧಾನವಾಯಿತು. ಹಾಗಾಗಿ ಹೆದರಿ ಕೊಳ್ಳಬೇಡಿ. ಮೊಮ್ಮಗಳ ಮಾತು ಕೇಳಿಸಲಿ ಎಂದು ಕೊಳ್ಳಿ, ಆ ಕಾರಣ ಸಾಕು. ಹೆದರಬೇಕಾದ್ದು ಒಂದೇ ಸಂದರ್ಭದಲ್ಲಿ: ಒಂದು ಕಿವಿ ರಾತ್ರೋರಾತ್ರಿ, ಅಥವಾ ಎರಡು ಮೂರು ದಿನದಲ್ಲಿ ಕೇಳಿಸದಾದರೆ, ಎಣ್ಣೆ ಬಿಟ್ಟುಕೊಂಡು ಕೂರಬೇಡಿ. ಅವತ್ತೇ ಕಿವಿ ಡಾಕ್ಟರ್ ಹತ್ತಿರ ಓಡಿ. ಅದಕ್ಕೆ ಮೊದಲ ಕೆಲವು ದಿನಗಳಲ್ಲೇ ಚಿಕಿತ್ಸೆ ಆಗಬೇಕು.

ಪರೀಕ್ಷೆ ಎಲ್ಲಿ ಮಾಡಿಸುವುದು ಎಂಬುದಕ್ಕೆ ನಾವು ಅದೃಷ್ಟವಂತರು. ಈ ವಿದ್ಯೆಗೆ ದೇಶದಲ್ಲೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇದೆ. ಬೆಂಗಳೂರಿನಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮದ ಕೆಳಗೆ ವಿಚಾರಿಸಬಹುದು. ಆದಾಯ ಕಡಿಮೆ ಇರುವವರಿಗೆ ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಮಿಷನ್ ಸಿಗುತ್ತದೆ.

ಕೊನೆಗೆ ಒಬ್ಬ ಅಮ್ಮ ಚೀಟಿ ಕಳಿಸಿದ್ದಾರೆ. ಓದುತ್ತೇನೆ: “ನಮ್ಮ ಯಜಮಾನರಿಗೆ ಕೇಳಿಸುವುದಿಲ್ಲ. ಕರೆದರೆ ‘ನನಗೇನಾಗಿದೆ, ನೀನೇ ಮೆತ್ತಗೆ ಮಾತಾಡ್ತೀಯ’ ಎನ್ನುತ್ತಾರೆ. ಪರೀಕ್ಷೆಗೆ ಹೇಗೆ ಕರೆತರುವುದು?”

ಅಮ್ಮ, ‘ನಿಮಗೆ ಕಿವುಡು’ ಎಂದು ಹೇಳಿ ಕರೆದರೆ ಯಾರೂ ಬರುವುದಿಲ್ಲ. ಮಗ, ಸೊಸೆ, ನೀವು ಮೂರೂ ಜನ ಸುತ್ತ ಕೂತು ಹೇಳಿದರಂತೂ ಅದು ಪಂಚಾಯಿತಿ ಆಗುತ್ತದೆ. ಸದ್ಯಕ್ಕೆ ಕಿವಿಯ ಸುದ್ದಿ ಬಿಡಿ. ಅವರ ಹೆಸರು ಹಿಡಿದೋ, ‘ರೀ’ ಎಂದೋ ಕರೆದು, ಅವರು ನಿಮ್ಮ ಕಡೆ ತಿರುಗಿದ ಮೇಲೆ ಮಾತು ಶುರುಮಾಡಿ. ಬೆಳಕು ನಿಮ್ಮ ಮುಖದ ಮೇಲಿರಲಿ. ಟಿವಿ ಆರಿಸಿ. ಒಂದು ಸಲ ಅರ್ಥವಾಗದಿದ್ದರೆ ಅದೇ ಮಾತನ್ನು ಕಿರುಚದೆ ಬೇರೆ ಪದದಲ್ಲಿ ಹೇಳಿ. ‘ಸಾಕಾ?’ ಅರ್ಥವಾಗಲಿಲ್ಲವೇ, ‘ಇನ್ನೂ ಸ್ವಲ್ಪ ಅನ್ನ ಬಡಿಸ್ಲಾ?’ ಅನ್ನಿ. ‘ಏನಿಲ್ಲ ಬಿಡಿ’ ಅನ್ನುವುದನ್ನು ಮನೆಯಲ್ಲಿ ಎಲ್ಲರೂ ನಿಲ್ಲಿಸಿ. ಕೆಲವು ದಿನ ಹೀಗೆ ನಡೆದರೆ ಅವರ ಬಿಗುಮಾನ ಸ್ವಲ್ಪ ಸಡಿಲವಾಗುತ್ತದೆ. ಆಮೇಲೆ ‘ನನಗೂ ಅರವತ್ತಾಯಿತು, ಕಿವಿ ತೋರಿಸಿಕೊಂಡು ಬರಬೇಕು, ಜೊತೆಗೆ ಬನ್ನಿ’ ಅನ್ನಿ. ಸುಳ್ಳೇನಲ್ಲ, ಆ ವಯಸ್ಸಿಗೆ ಎಲ್ಲರೂ ಒಮ್ಮೆ ತೋರಿಸಿಕೊಳ್ಳಬೇಕು. ಮೊದಲು ನೀವು ಒಳಗೆ ಕೂತು, ಹೆಡ್‌ಫೋನ್ ಹಾಕಿಸಿಕೊಂಡು ಬನ್ನಿ. ನಿಮ್ಮದು ಮುಗಿದ ಮೇಲೆ ಅವರನ್ನು ಕೂರಿಸೋಣ. ಅವರು ಹೇಳಿದ್ದು ಸರಿಯೇ ಇರಬಹುದು, ನೀವು ಸ್ವಲ್ಪ ಮೆತ್ತಗೇ ಮಾತಾಡುತ್ತೀರೇನೋ. ಅದೂ ಅವತ್ತು ಗೊತ್ತಾಗುತ್ತದೆ.